ತಂಪಿನ ತೂಕ

ಹೆಚ್ಚು ದುಡಿಯುವುದೆಲ್ಲ ಬಿಸಿಯಾಗುತ್ತದೆ. ಬಿಸಿಯಾದದ್ದನ್ನು ತಣಿಸುವವರು ಪಕ್ಕದಲ್ಲಿ ಇಲ್ಲದಿದ್ದರೆ ಅದು ಒಂದು ದಿನ ಸದ್ದಿಲ್ಲದೆ ನಿಂತುಹೋಗುತ್ತದೆ. ಇಷ್ಟು ಗಂಭೀರವಾದ ಮಾತನ್ನು ನಾನು ಯಾವ ಮಠದಲ್ಲೂ ಕೇಳಿದ್ದಲ್ಲ. ಉದಗೀರಿನ ಕಂಪ್ಯೂಟರ್ ಅಂಗಡಿಯೊಂದರಲ್ಲಿ ರಟ್ಟಿನ ಡಬ್ಬಿಯ ಹಿಂಭಾಗದ ಸೂಚನೆಗಳನ್ನು ಓದುತ್ತಿದ್ದಾಗ ಹೊಳೆದದ್ದು. ಅದೂ ಅರ್ಧವೇ ಇರಬೇಕು. ಸೂಚನೆಗಳ ಉಳಿದರ್ಧ ಚೀನೀ ಭಾಷೆಯಲ್ಲಿತ್ತು.

ಡಬ್ಬಿಯೊಳಗಿದ್ದದ್ದು ಕೂಲರ್. ನಮ್ಮ ಮರಾಠವಾಡದಲ್ಲಿ ಕೂಲರ್ ಎಂದರೆ ಕಿಟಕಿಗೆ ಆನಿಸಿಟ್ಟ ತಗಡಿನ ಪೆಟ್ಟಿಗೆ. ಹುಲ್ಲಿನ ತಟ್ಟಿಗೆ ನೀರು ಕುಡಿಸುತ್ತ ಬೇಸಿಗೆಯುದ್ದಕ್ಕೂ ಗೊರಕೆ ಹೊಡೆಯುತ್ತದೆ. ನಾನು ಹೇಳುತ್ತಿರುವುದು ಅದಲ್ಲ. ಕಂಪ್ಯೂಟರಿನೊಳಗೆ ಪ್ರೊಸೆಸರ್ ಎಂಬ ಒಂದು ಚಚ್ಚೌಕದ ಬಿಲ್ಲೆ ಇರುತ್ತದೆ; ಆ ಯಂತ್ರದ ಬುದ್ಧಿಯೆಲ್ಲ ಅದರದೇ. ಅದರ ನೆತ್ತಿಯ ಮೇಲೆ ಕುಳಿತು ಶಾಖ ಹೀರಿ ಗಾಳಿಗೆ ಬಿಡುವ ಸಾಧನ ಇದು. ಕೂಲರ್ ತರಲು ಉದಗೀರಿಗೆ ಹೊರಟಿದ್ದೇನೆ ಎಂದಾಗ ಎದುರುಮನೆಯವರು ಯಾವ ಹುಲ್ಲಿನ ತಟ್ಟಿ ಬಾಳಿಕೆ ಬರುತ್ತದೆ ಎಂದು ವಿವರವಾಗಿ ಹೇಳಿದರು. ನಾನು ಚೀಟಿಯಲ್ಲಿ ಬರೆದುಕೊಂಡೆ. ಸಲಹೆ ಕೊಡುವವರಿಗೆ ನಿರಾಸೆ ಮಾಡಬಾರದು ಎಂಬುದು ನನ್ನ ಹಳೆಯ ನಿಯಮ.

ನಿಲಂಗಾದ ಕೋರ್ಟಿನಲ್ಲಿ ಮೂವತ್ತು ವರ್ಷ ಗುಮಾಸ್ತನಾಗಿದ್ದು ನಿವೃತ್ತನಾದವನು ನಾನು. ಕನ್ನಡದಲ್ಲಿ ಅಳುವ ಸಾಕ್ಷಿದಾರರನ್ನು ಮರಾಠಿಯಲ್ಲಿ ಬರೆದುಕೊಳ್ಳುವುದು ನನ್ನ ಕೆಲಸವಾಗಿತ್ತು. ಅಂಥವನಿಗೆ ಈ ವಯಸ್ಸಿನಲ್ಲಿ ಪ್ರೊಸೆಸರಿನ ಉಸಾಬರಿ ಏಕೆ ಎಂದು ನೀವು ಕೇಳಿದರೆ ತಪ್ಪಲ್ಲ. ಬಹುಪಾಲು ಮೊಕದ್ದಮೆಗಳಂತೆ ಇದೂ ಇನ್ನೊಬ್ಬರ ವಸ್ತುವನ್ನು ಹೊತ್ತಿಗೆ ಸರಿಯಾಗಿ ಹಿಂದಿರುಗಿಸದೆ ಇದ್ದುದರಿಂದ ಹುಟ್ಟಿತು.

ಆ ವಸ್ತು ಒಂದು ವಿಡಿಯೋ ಕ್ಯಾಸೆಟ್ಟು. ನನ್ನ ಹೆಂಡತಿ ಮಹಾದೇವಿಯ ತವರು ಲೋಹಾರಾದ ಆಚೆಗಿನ ಒಂದು ಹಳ್ಳಿ. ಅವಳ ತಂಗಿಯ ಮದುವೆಗೆ ಉಮರ್ಗಾದಿಂದ ವಿಡಿಯೋದವನನ್ನು ಕರೆಸಿದ್ದರು. ಆ ಹಳ್ಳಿಗೆ ಅದೇ ಮೊದಲು. ನಮ್ಮ ಓಣಿಯವರಿಗೆ ತೋರಿಸಿ ಎಂಟು ದಿನದಲ್ಲಿ ಕೊಡುತ್ತೇನೆ ಎಂದು ಕ್ಯಾಸೆಟ್ಟನ್ನು ನಿಲಂಗಾಕ್ಕೆ ತಂದವನು ನಾನು. ಅತ್ತೆ ಎರಡು ಸಲ ಹೇಳಿ ಕಳಿಸಿದರು. ದಸರಾಕ್ಕೆ ಬರುವಾಗ ತರುತ್ತೇನೆ ಎಂದೆ. ಗಣಪತಿಯನ್ನು ಕಳಿಸಿ ಜನ ಮಲಗಿದ್ದಾಗ ಭೂಮಿ ನಡುಗಿತು. ದಸರಾದ ಹೊತ್ತಿಗೆ ಕ್ಯಾಸೆಟ್ಟು ಕೇಳುವವರು ಉಳಿದಿರಲಿಲ್ಲ. ಅತ್ತೆ, ಮಾವ, ತವರಿಗೆ ಬಂದಿದ್ದ ಆ ಮದುಮಗಳು, ಗೋಡೆಯ ಮೇಲಿನ ಫೋಟೋಗಳು ಎಲ್ಲ ಒಂದೇ ಕಲ್ಲುರಾಶಿಯ ಕೆಳಗಾದರು. ಉಮರ್ಗಾಕ್ಕೆ ಗಣಪತಿ ಮೆರವಣಿಗೆ ನೋಡಲು ಹೋಗಿ ಗೆಳೆಯನ ಮನೆಯಲ್ಲಿ ಉಳಿದಿದ್ದ ಮಹಾದೇವಿಯ ತಮ್ಮ ಶಿವು ಬದುಕಿದ. ನಾನು ಹಿಂದಿರುಗಿಸದ ಕ್ಯಾಸೆಟ್ಟು ಬದುಕಿತು. ನನ್ನ ಆಲಸ್ಯ ಒಂದು ಒಳ್ಳೆಯ ಕೆಲಸ ಮಾಡಿದ್ದು ಅದೊಂದೇ ಸಲ. ಅದಕ್ಕಾಗಿ ಅದನ್ನು ಅಭಿನಂದಿಸುವ ಮನಸ್ಸು ನನಗೆ ಈವರೆಗೆ ಬಂದಿಲ್ಲ.

ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅದನ್ನು ನಾವು ನೋಡಲಿಲ್ಲ. ಮೊದಮೊದಲು ನೋಡುವ ಧೈರ್ಯವಿರಲಿಲ್ಲ. ಧೈರ್ಯ ಬರುವ ಹೊತ್ತಿಗೆ ಅದನ್ನು ಹಾಕಿ ನೋಡುವ ಯಂತ್ರಗಳು ಊರಿನಿಂದ ಮಾಯವಾಗಿದ್ದವು. ಒಂದು ಬೇಸಿಗೆಯ ಬೆಳಿಗ್ಗೆ ಮಹಾದೇವಿ ಮೊರದಲ್ಲಿ ಜೋಳ ಹಸನು ಮಾಡುತ್ತ, ತಲೆ ಎತ್ತದೆ ಹೇಳಿದಳು:

“ಅವ್ವನ ಮಾರಿ ನೆನಪಿಗಿ ಬರವಲ್ದು ರೀ. ಸೀರಿ ನೆನಪದ, ಕೈ ನೆನಪದ, ಬೈಯೋದು ಸುದ್ದಾ ಕಿವ್ಯಾಗ ಅದ. ಮಾರಿ ಇರಬೇಕಾದ ಜಾಗಾ ಅಷ್ಟೇ ಖಾಲಿ.”

ಅವಳೇ ಮೊರ ಪಕ್ಕಕ್ಕಿಟ್ಟು ಶಿವುಗೆ ಫೋನ್ ಮಾಡಿದಳು. ಅಷ್ಟು ಹೊತ್ತಿಗೆ ಅವನಿಗೆ ಉಮರ್ಗಾದಲ್ಲಿ ಮದುವೆ ವಿಡಿಯೋ ತೆಗೆಯುವ ಸ್ವಂತ ಅಂಗಡಿಯಿತ್ತು. ಅವಳಿಗೆ ಅವ್ವನ ಮುಖದಲ್ಲಿ ಒಂದೇ ಗುರುತು ಉಳಿದಿತ್ತು, ಕೆನ್ನೆಯ ಮೇಲಿನ ಹಚ್ಚೆ; ಅದನ್ನು ಗಟ್ಟಿ ಮಾಡಿಕೊಳ್ಳಬೇಕಾಗಿತ್ತು.

“ಶಿವ್ಯಾ, ಅವ್ವಗ ಎಡಗಲ್ಲದ ಮ್ಯಾಲ ಹಚ್ಚಿ ಇತ್ತಲ್ಲೋ, ಮೂರು ಚುಕ್ಕಿ?”

“ಎಡಗಲ್ಲ ಎಲ್ಲೀದಕ್ಕಾ? ಬಲಗಲ್ಲ.”

“ನನಗ ಹೇಳ್ತಿ? ನೀ ಆವಾಗ ಚಡ್ಡಿ ಏರಿಸ್ಕೋತ ತಿರಗ್ತಿದ್ದಿ.”

“ಚಡ್ಡಿ ಏರಿಸ್ಕೊಳ್ಳೋರಿಗಿ ಕಣ್ಣ ಇರಂಗಿಲ್ಲೇನಕ್ಕಾ?”

ಅಕ್ಕ ತಮ್ಮ ಎರಡು ದಿನ ಮಾತು ಬಿಟ್ಟರು. ಮೂರು ಚುಕ್ಕಿಗೆ ಇಷ್ಟು ಸಿಟ್ಟೇ ಎಂದು ನಗಲು ಹೊರಟವನು ಅವಳ ಮುಖ ನೋಡಿ ಸುಮ್ಮನಾದೆ. ಹೊಲದ ಬಾಂದಿನ ಕಲ್ಲು ಗೇಣು ಸರಿದದ್ದಕ್ಕೆ ಮೂರು ತಲೆಮಾರು ಕೋರ್ಟು ಹತ್ತಿದವರನ್ನು ನಾನು ಕಂಡಿದ್ದೇನೆ. ಅವಳ ಬಳಿ ಉಳಿದಿದ್ದ ಅವ್ವ ಅಷ್ಟೇ: ಎಡಗಲ್ಲ, ಮೂರು ಚುಕ್ಕಿ. ಅದೂ ಸುಳ್ಳಾದರೆ ಅವಳ ಪಾಲಿಗೆ ಅವ್ವ ಎರಡನೆಯ ಸಲ ಹೋದಂತೆ.

ಮೂರನೆಯ ದಿನ ಕ್ಯಾಸೆಟ್ಟಿನ ಮಾತು ಬಂತು. ಉಮರ್ಗಾಕ್ಕೆ ಕಳಿಸಿಕೊಡಿ, ಸ್ವಚ್ಛ ಮಾಡಿ ಕೊಡುತ್ತೇನೆ ಎಂದ ಶಿವು. ಮಹಾದೇವಿ ಒಪ್ಪಲಿಲ್ಲ. “ಇಲ್ಲಿದ್ದದ್ದಕ್ಕ ಉಳದದ. ಈ ಮನಿ ಹೊಸ್ತಿಲಾ ದಾಟಂಗಿಲ್ಲ.” ಈ ತರ್ಕಕ್ಕೆ ಎದುರು ವಾದ ನನ್ನ ಮೂವತ್ತು ವರ್ಷದ ಅನುಭವದಲ್ಲಿ ಸಿಗಲಿಲ್ಲ. ಹೀಗಾಗಿ ಕ್ಯಾಸೆಟ್ಟು ಕಂಪ್ಯೂಟರಿನ ಬಳಿ ಹೋಗುವ ಬದಲು ಕಂಪ್ಯೂಟರೇ ಕ್ಯಾಸೆಟ್ಟಿನ ಬಳಿ ಬಂತು. ಶಿವು ಅದನ್ನು ಕೌದಿಯಲ್ಲಿ ಸುತ್ತಿ, ಉಮರ್ಗಾದಿಂದ ನಿಲಂಗಾದವರೆಗೆ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದ. ಕೂಸಿಗೆ ಜ್ವರ ಬಂದಿದೆಯೇ ಎಂದು ಕಂಡಕ್ಟರ್ ವಿಚಾರಿಸಿದನಂತೆ. ಜ್ವರ ಬಂದದ್ದು ಆಮೇಲೆ.

ಅಂಗಡಿಯ ಅಟ್ಟದಿಂದ ಹುಡುಕಿ ತಂದ ಹಳೆಯ ಯಂತ್ರದಲ್ಲಿ ಶಿವು ಕ್ಯಾಸೆಟ್ಟನ್ನು ಒಂದೇ ಒಂದು ಸಲ ಓಡಿಸಿ ಕಂಪ್ಯೂಟರಿಗೆ ಇಳಿಸಿಕೊಂಡ. ಕೊನೆಗೆ ಟೇಪು ಪಟ್ಟನೆ ಹರಿಯಿತು. ತೇವಕ್ಕೆ ಒಳಗೆ ಬೂಸಲು ಹಿಡಿದಿತ್ತು. ಪರದೆಯ ಮೇಲೆ ಕಂಡದ್ದೆಲ್ಲ ಕಪ್ಪು ಬಿಳಿ ಚುಕ್ಕೆಗಳ ಜಡಿಮಳೆ. ಅದರ ನಡುವೆ ಯಾರೋ ಬಂದರು, ಹೋದರು. ಅವ್ವ ಯಾರು, ಅಡುಗೆಯ ಆಚಾರಿ ಯಾರು ತಿಳಿಯಲಿಲ್ಲ. ಚುಕ್ಕೆಗಳನ್ನು ಗುರುತಿಸಿ ಒರೆಸುವ ಸಾಫ್ಟ್‌ವೇರ್ ಶಿವುನ ಬಳಿಯಿತ್ತು, ಆದರೆ ಅದು ಒಂದೊಂದು ಚಿತ್ರವನ್ನೂ ಬಿಡಿಸಿ ನೋಡಬೇಕು. ಮೂರು ಗಂಟೆಯ ಮದುವೆಗೆ ಎಂಟು ದಿನದ ಕೆಲಸ. ಅವ್ವ ಇರುವಷ್ಟನ್ನೇ ಹುಡುಕಿ ಕತ್ತರಿಸಿ ತೆಗೆಯೋಣ ಎಂದು ಅವನು ಹೇಳಿದ್ದುಂಟು. “ಅವ್ವನ್ನ ಒಬ್ಬಾಕಿನ್ನೇ ತಗೀಬ್ಯಾಡ,” ಎಂದಳು ಮಹಾದೇವಿ, “ಎಲ್ಲಾರೂ ಒಂದೇ ಕಡಿ ಇರ್ಲಿ.” ಅವರೆಲ್ಲ ಒಂದೇ ಕಡೆಯೇ ಹೋಗಿದ್ದರು, ಶಿವು ಮತ್ತೆ ಆ ಮಾತೆತ್ತಲಿಲ್ಲ.

ನಮ್ಮೂರಲ್ಲಿ ವಾರಕ್ಕೊಮ್ಮೆ ಇಡೀ ದಿನ ಕರೆಂಟು ತೆಗೆಯುತ್ತಿದ್ದರು. ಚಿಕ್ಕಪುಟ್ಟ ಕಡಿತವನ್ನು ಶಿವುನ ಬ್ಯಾಟರಿ ತಡೆದೀತು, ಇಡೀ ದಿನದ್ದನ್ನು ತಡೆಯದು. ನಡುವೆ ನಿಂತರೆ ಕೆಲಸ ಮೊದಲಿನಿಂದ. ಎಂಟು ದಿನದ ಕೆಲಸವನ್ನು ಆರು ದಿನದೊಳಗೆ ಮುಗಿಸಬೇಕು. ಅದಕ್ಕೆ ಶಿವು ಮಾಡಿದ ಉಪಾಯಕ್ಕೆ ಓವರ್‌ಕ್ಲಾಕಿಂಗ್ ಎಂದು ಹೆಸರು. ತಯಾರಿಸಿದವರು ಪ್ರೊಸೆಸರಿಗೆ ಇಷ್ಟೇ ವೇಗ ಎಂದು ಗೊತ್ತುಮಾಡಿರುತ್ತಾರೆ. ಅದನ್ನು ಮೀರಿ ಓಡಿಸುವುದು. ನನಗೆ ಇದು ತಕ್ಷಣ ಅರ್ಥವಾಯಿತು. ಒಬ್ಬ ಗುಮಾಸ್ತನಿಗೆ ಇಬ್ಬರ ಕೆಲಸ ಕೊಡುವುದು ಸರ್ಕಾರದಲ್ಲಿ ಎಂದಿನಿಂದಲೂ ಇದೆ. ವ್ಯತ್ಯಾಸವಿಷ್ಟೇ: ಹಾಗೆ ಓಡಿಸುವ ಪ್ರೊಸೆಸರಿಗೆ ಅದರ ತಾಕತ್ತಿಗೆ ತಕ್ಕ ಫ್ಯಾನು ಕೊಡಬೇಕು ಎಂಬ ಕಾಳಜಿಯಿದೆ. ನಮ್ಮ ಕೋರ್ಟಿನ ಛಾವಣಿಯಲ್ಲಿ ನಿಜಾಮರ ಕಾಲದ ಬಟ್ಟೆ ಪಂಖಾದ ಕೊಂಡಿಗಳು ಮಾತ್ರ ಇದ್ದವು. ಅವನ್ನು ನೋಡಿಕೊಂಡೇ ನಾವು ತಣ್ಣಗಾಗಬೇಕಿತ್ತು.

ಪ್ರೊಸೆಸರಿನ ಜೊತೆಗೇ ಬಂದಿದ್ದ ಸಣ್ಣ ಫ್ಯಾನು ಒಂದು ಗಂಟೆಯಲ್ಲಿ ಸೋತಿತು. ಪ್ರೊಸೆಸರಿನ ಶಾಖ ನೂರು ಡಿಗ್ರಿ ಮುಟ್ಟಿ ಪರದೆ ಕಪ್ಪಾಯಿತು. ಹಾಗಾಗಿ ನಾನು ಉದಗೀರಿಗೆ ಹೋದದ್ದು.

ಅಂಗಡಿಯ ಖಾಜಾಮಿಯಾನಿಗೆ ಮೂವತ್ತರ ಆಸುಪಾಸು. ಎರಡು ಡಬ್ಬಿ ನನ್ನ ಮುಂದಿಟ್ಟ. ಸಣ್ಣದರಲ್ಲಿ ಸಾರಿನ ಬಟ್ಟಲಿನಷ್ಟು ಗಾತ್ರದ ಒಂದು ಫ್ಯಾನು. ದೊಡ್ಡದರಲ್ಲಿ ತಾಮ್ರದ ಆರು ಕೊಳವೆ, ಅವುಗಳಿಗೆ ಪೋಣಿಸಿದ ತಗಡುಗಳ ಅಡುಕು, ಎರಡು ಕಡೆ ಎರಡು ಫ್ಯಾನು. ಒಟ್ಟಿನಲ್ಲಿ ಒಂದು ಗೋಪುರ.

“ಇದು ಒಯ್ರಿ ಕಾಕಾ. ಕೈಯಾಗ ಹಿಡದ್ ನೋಡ್ರಿ. ಎಷ್ಟ್ ವಜನ್, ಅಷ್ಟ್ ಥಂಡಾ.”

ಹಿಡಿದು ನೋಡಿದೆ. ತೂಕ ಕಿಲೋಕ್ಕೆ ಮೇಲಿತ್ತು. “ಇದನ್ನ ಎಲ್ಲಿ ಕೂಡಸ್ತೀರಿ?”

“ಕೂಡ್ಸೋದಲ್ಲ, ಜೋತ ಹಾಕೋದು. ಒಳಗ ಪ್ರೊಸೆಸರ್ ಕೂಡೋ ಬೋರ್ಡ್ ಗ್ವಾಡಿ ಹಂಗ ನಿಂತಿರ್ತದ. ಅದಕ್ಕ ಅಡ್ಡಾ ಕಚ್ಕೊಂಡು ನಿಲ್ತದ.”

“ಬೋರ್ಡ್ ಎಷ್ಟ್ ದಪ್ಪ?”

ಅವನು ಒಂದು ಬೋರ್ಡು ತೋರಿಸಿದ. ಸುಟ್ಟ ಹಪ್ಪಳಕ್ಕಿಂತ ತುಸು ವಾಸಿ.

“ನಡಗಿದ್ರ?”

“ಏನ್ ನಡಗಿದ್ರ ಕಾಕಾ?”

“ಭೂಮಿ.”

ಬೇರೆ ಸೀಮೆಯ ಅಂಗಡಿಯವನಾಗಿದ್ದರೆ ನಕ್ಕುಬಿಡುತ್ತಿದ್ದ. ನಮ್ಮ ಕಡೆ ಆ ಮಾತಿಗೆ ಯಾರೂ ನಗುವುದಿಲ್ಲ. ಖಾಜಾಮಿಯಾ ಕೂಲರನ್ನು ಮೆಲ್ಲಗೆ ಮೇಜಿನ ಮೇಲಿಟ್ಟು, “ಭೂಮಿ ನಡಗಿದ್ರ ಕಾಕಾ, ಪ್ರೊಸೆಸರ್ ಯಾರ್ ಕೇಳ್ತಾರ?” ಎಂದ.

ಇಲ್ಲಿ ನಮ್ಮ ಮನೆಯ ಒಂದು ಪದ್ಧತಿ ಹೇಳಬೇಕು. ಆ ವರ್ಷದಿಂದ ನಮ್ಮಲ್ಲಿ ಮೊಣಕಾಲಿಗಿಂತ ಮೇಲೆ ಭಾರದ ವಸ್ತು ಇರುವುದಿಲ್ಲ. ಅಟ್ಟವಿಲ್ಲ, ಗೋಡೆ ಗಡಿಯಾರವಿಲ್ಲ, ಛಾವಣಿಗೆ ಫ್ಯಾನಿಲ್ಲ. ಬೀಸುವುದು ನೆಲದ ಮೇಲಿನ ಮೇಜಿನ ಫ್ಯಾನು. ಮೇಲೆ ತಗಡು, ಕೆಳಗೆ ಹಾಸಿಗೆ. ಬೇಸಿಗೆಯಲ್ಲಿ ತಗಡು ಕಾದ ಹಂಚಾಗುತ್ತದೆ, ಯಾರೂ ಗೊಣಗುವುದಿಲ್ಲ. ಬೆಂದರೂ ಚಿಂತೆಯಿಲ್ಲ, ತಲೆಯ ಮೇಲೆ ತೂಕ ಬೇಡ ಎಂಬುದು ನಮ್ಮ ಮನೆಯ ಧರ್ಮ.

ಅತ್ತೆಯ ಮನೆ ಹೀಗಿರಲಿಲ್ಲ. ಅದು ಮಾಳಿಗೆಯ ಮನೆ: ಮೊಳ ದಪ್ಪದ ಕಲ್ಲಿನ ಗೋಡೆ, ಸಾಗುವಾನಿ ತೊಲೆ, ಅದರ ಮೇಲೆ ಹಲಗೆ, ಹಲಗೆಯ ಮೇಲೆ ಮಣ್ಣು. ಮಳೆಗಾಲಕ್ಕೆ ಮುಂಚೆ ವರ್ಷವೂ ಒಂದು ಪದರ ಹೊಸ ಮಣ್ಣು ಹಾಕಿ ತುಳಿಸುತ್ತಿದ್ದರು. ಸೋರಬಾರದು, ಬಿಸಿಲು ಇಳಿಯಬಾರದು. ಮೇ ತಿಂಗಳಲ್ಲಿ ನಾವು ಹೋದಾಗ ಅತ್ತೆ ಬಾಗಿಲಲ್ಲೇ ನಿಂತು, “ಒಳಗ ಬರ್ರಿ ಅಳಿಯಂದಿರ, ನಮ್ಮನಿ ಅಷ್ಟ್ ತಂಪು ಈ ಊರಾಗ ಯಾರದೂ ಇಲ್ಲ,” ಎನ್ನುತ್ತಿದ್ದರು. ಉತ್ಪ್ರೇಕ್ಷೆಯಲ್ಲ. ಹೊಸ್ತಿಲು ದಾಟಿದರೆ ಹೊಂಡದ ನೀರಿಗೆ ಕಾಲಿಟ್ಟಂತಾಗುತ್ತಿತ್ತು. ಊರಿನಲ್ಲೇ ಹೆಚ್ಚು ತಂಪಾದ ಮನೆ ಎಂದರೆ ಊರಿನಲ್ಲೇ ಹೆಚ್ಚು ಮಣ್ಣು ಹೊತ್ತ ಮನೆ. ಆ ಲೆಕ್ಕ ನಮಗೆ ಆಮೇಲೆ ತಿಳಿಯಿತು. ಎಷ್ಟು ವಜನ್, ಅಷ್ಟು ಥಂಡಾ ಎಂದು ಖಾಜಾಮಿಯಾ ಹೇಳಿದಾಗ ನಾನು ಅವನ ಅಂಗಡಿಯಲ್ಲಿರಲಿಲ್ಲ, ಆ ಹೊಸ್ತಿಲಿನ ಮೇಲಿದ್ದೆ.

“ಸಣ್ಣದು ಕೊಡಪ್ಪಾ,” ಎಂದೆ.

“ಬ್ಯಾಸಗಿ ಅದ ಕಾಕಾ. ಇದು ತಡಿಯಂಗಿಲ್ಲ ನೋಡ್ರಿ.”

“ಗೊತ್ತದ,” ಎಂದೆ, ಏನೂ ಗೊತ್ತಿಲ್ಲದ ನ್ಯಾಯಾಧೀಶರು ಹೇಳುವ ಧಾಟಿಯಲ್ಲಿ.

ಸಣ್ಣ ಕೂಲರ್ ಒಂದೂವರೆ ದಿನ ನಡೆಯಿತು. ಎರಡನೆಯ ದಿನ ಮಧ್ಯಾಹ್ನ, ಅಂಗಳದ ಕಲ್ಲಿನ ಮೇಲೆ ಕಾಲಿಡಲಾಗದ ಹೊತ್ತಿಗೆ, ಪರದೆ ಕಪ್ಪಾಯಿತು. ಕರೆಂಟು ತೆಗೆಯುವ ದಿನ ದಾಟಿಸಿ ಮತ್ತೆ ಶುರು ಮಾಡಿದೆವು; ಆ ವಾರವೂ ಹಾಗೆಯೇ. ಮೂರನೆಯ ವಾರ ಶಿವು ಪೆಟ್ಟಿಗೆಯ ಬಾಗಿಲು ಬಿಚ್ಚಿಟ್ಟ. ಮಹಾದೇವಿ ಪಕ್ಕದಲ್ಲಿ ಕುಳಿತು ಬೀಸಣಿಗೆಯಿಂದ ಗಾಳಿ ಹಾಕತೊಡಗಿದಳು. ಕೈ ಬದಲಿಸುತ್ತ, ಜ್ವರದವರ ತಲೆದಿಂಬಿನ ಬಳಿ ಕುಳಿತಂತೆ.

“ಅಕ್ಕಾ, ಹಂಗ ಹಾಕಿದ್ರ ಅದಕ್ಕ ನಿದ್ದಿ ಬರ್ತದ,” ಎಂದ ಶಿವು.

“ನೀ ಸುಮ್ ಕೂಡು. ಓಡೋದನ್ನ ಹೆಚ್ಚ ಓಡ್ಸಿದಾಂವ ನೀ.”

ಸ್ವಲ್ಪ ಹೊತ್ತಿಗೆ ಅದು ಮತ್ತೆ ನಿಂತಿತು. ಮಹಾದೇವಿ ಬೀಸುವುದನ್ನು ನಿಲ್ಲಿಸದೆ ನನ್ನನ್ನು ಕೇಳಿದಳು: “ಅಂಗಡ್ಯಾಗ ಇದಕಿಂತ ಚಲೋದ್ದು ಇದ್ದಿದ್ದಿಲ್ಲೇನ್ರೀ?”

“ಇತ್ತು.”

“ಮತ್ತ?”

“ಭಾರ ಇತ್ತು.”

ಬೀಸಣಿಗೆ ನಿಂತಿತು. ನಾನು ಅವಳಿಗಾಗಿ ಹೆದರಿ ಸಣ್ಣದನ್ನು ತಂದೆ ಎಂದು ಹೇಳಿಕೊಳ್ಳಬಹುದಿತ್ತು. ನಿಜವೇನೆಂದರೆ ಹೆದರಿದವನು ನಾನು. ಕಲ್ಲುರಾಶಿಯ ಬಳಿ ಎರಡು ದಿನ ನಿಂತವನು ನಾನು. ಅವಳನ್ನು ಅಲ್ಲಿಗೆ ಬಿಟ್ಟಿರಲಿಲ್ಲ.

“ಎಷ್ಟ್ ಭಾರ?”

“ಕಿಲೋದ ಮ್ಯಾಲ.”

“ಕಿಲೋ,” ಎಂದಳು. ಬೀಸಣಿಗೆಯನ್ನು ನೆಲಕ್ಕಿಟ್ಟು, “ಕಿಲೋಕ್ಕ ಹೆದರಿ ಅವ್ವನ್ನ ಮೂರ ಸಲ ಅರ್ಧಕ್ಕ ಬಿಟ್ಟ ಬಂದ್ವಿ. ಹೋಗ್ರಿ, ತರ್ರಿ,” ಎಂದಳು.

ಮರುದಿನ ಉದಗೀರಿನಲ್ಲಿ ಖಾಜಾಮಿಯಾ ನನ್ನನ್ನು ಕಂಡೊಡನೆ ಮಾತಿಲ್ಲದೆ ದೊಡ್ಡ ಡಬ್ಬಿಯನ್ನು ಇಳಿಸಿದ. ಹೇಳಬಹುದಾದ ಮಾತು ಅವನ ಬಾಯಲ್ಲಿತ್ತು; ಹೇಳಲಿಲ್ಲ. ಅಷ್ಟು ಸಂಯಮ ನಾನು ಕಂಡ ವಕೀಲರಲ್ಲಿ ಯಾರಿಗೂ ಇರಲಿಲ್ಲ.

ಕೂಲರ್ ಕೂಡಿಸುವ ಮುನ್ನ ಪ್ರೊಸೆಸರಿನ ಮೇಲೆ ಬೂದಿಬಣ್ಣದ ಮುಲಾಮು ಹಚ್ಚಬೇಕು. ನಡುವೆ ಒಂದು ಕಾಳಿನಷ್ಟು ಇಟ್ಟರೆ ಸಾಕು ಎಂದು ಡಬ್ಬಿಯ ಮೇಲೆ ಚಿತ್ರವಿತ್ತು. ಶಿವು ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು, ಬಿಲ್ಲೆಯ ಮೇಲೆ ಮೂರು ಬೆರಳು ಅಡ್ಡ ಎಳೆದುಬಿಟ್ಟ. ವಿಭೂತಿ ಹಚ್ಚಿದ ಕೈ; ಬೇರೆ ರೀತಿ ಅದಕ್ಕೆ ಗೊತ್ತಿಲ್ಲ. ಒರೆಸಿ ಮತ್ತೆ ಹಚ್ಚು ಎಂದೆ. “ಇರ್ಲಿ ಬಿಡ್ರಿ ಮಾಮಾ,” ಎಂದ. ಇರಲಿ ಬಿಟ್ಟೆವು.

ಇನ್ನೇನು ಪೆಟ್ಟಿಗೆಯನ್ನು ನಿಲ್ಲಿಸಬೇಕು, ಮಹಾದೇವಿ ಬಂದು ನೋಡಿ, “ಮಲಗಿಸ್ರಲ್ಲ ಅದನ್ನ,” ಎಂದಳು. ನಾವು ಮಲಗಿಸಿದೆವು. ಬೋರ್ಡು ನೆಲಕ್ಕೆ ಸಮನಾಯಿತು, ಕೂಲರ್ ಅದರ ಮೇಲೆ ಗುಡಿಯ ಕಳಸದಂತೆ ನೆಟ್ಟಗೆ ಕುಳಿತಿತು, ಜೋತು ಬೀಳುವ ಪ್ರಶ್ನೆಯೇ ಉಳಿಯಲಿಲ್ಲ. ಇಪ್ಪತ್ತು ವರ್ಷದಿಂದ ನೆಲದ ಮೇಲೆ ಮಲಗುವ ಮನೆಯಲ್ಲಿ ಯಂತ್ರವನ್ನೂ ನೆಲದ ಮೇಲೆ ಮಲಗಿಸಬಹುದೆಂದು ಮೂರು ವಾರ ನನಗೆ ಹೊಳೆಯಲಿಲ್ಲ. ತೂಕ ಕೆಟ್ಟದ್ದಲ್ಲ, ಅದು ಎಲ್ಲಿ ಕುಳಿತಿದೆ ಎಂಬುದೇ ಮುಖ್ಯ ಎಂಬ ಈ ತಿಳಿವಳಿಕೆ ಮಾಳಿಗೆ ಕಟ್ಟಿದವರಿಗೂ ತಡವಾಗಿಯೇ ಬಂತು.

ಐದೂವರೆ ದಿನ ಅದು ನಿಲ್ಲದೆ ಓಡಿತು. ಮಧ್ಯಾಹ್ನದ ಬಿಸಿಲಿಗೂ ಶಾಖ ಎಪ್ಪತ್ತೆರಡು ದಾಟಲಿಲ್ಲ. ಭಾನುವಾರ ಬೆಳಿಗ್ಗೆ ಮೂವರೂ ಚಾಪೆಯ ಮೇಲೆ ಕುಳಿತೆವು.

ಮದುವೆ ನಿನ್ನೆ ನಡೆದಂತಿತ್ತು. ಹಂದರದ ತೋರಣದ ಎಲೆ ಹಸಿರಾಗಿತ್ತು. ಬಾಜಾದವರ ಕೆನ್ನೆ ಉಬ್ಬುವುದು ಕಾಣುತ್ತಿತ್ತು. ನಾದಿನಿ ಬಾಸಿಂಗದ ಮರೆಯಲ್ಲಿ ನಗುತ್ತಿದ್ದಳು. ಆಮೇಲೆ ಅತ್ತೆ ಒಳಗಿನಿಂದ ತಟ್ಟೆ ಹಿಡಿದು ಬಂದರು, ಕ್ಯಾಮೆರಾ ಕಂಡು ಒಂದು ಗಳಿಗೆ ನಿಂತರು, ಏನೋ ಬೈದರು. ಬಾಜಾದ ಸದ್ದಿನಲ್ಲಿ ಮಾತು ಕೇಳಲಿಲ್ಲ. ಮುಖ ತುಂಬ ಚೊಕ್ಕವಾಗಿ ಕಂಡಿತು. ಎರಡೂ ಗಲ್ಲ ಬೋಳಾಗಿದ್ದವು.

“ಇಕಿ ಯಾರು?” ಎಂದಳು ಮಹಾದೇವಿ.

ಶಿವು ಹಣೆ ಒರೆಸಿಕೊಂಡ. “ಅದು... ಚುಕ್ಕಿ ಅಂದ್ರ ಕಸಾ ಅಂತ ತಿಳಕೊಂಡದ ಅಕ್ಕಾ. ಬೂಸಲ ಜೋಡಿ ಹಚ್ಚಿನೂ ಒರಸಿಬಿಟ್ಟದ.”

ಆರು ಕೊಳವೆ, ಎರಡು ಫ್ಯಾನು, ಮೂರು ಬೆರಳು ಮುಲಾಮು, ನಾಲ್ಕು ವಾರ. ಎಲ್ಲ ಸೇರಿ ಅತ್ತೆಯ ಮುಖದಿಂದ ಅತ್ತೆಯನ್ನು ಒರೆಸಿದ್ದವು.

ಶಿವು ಒರೆಸದ ಮೂಲ ಚಿತ್ರವನ್ನು ತೆರೆದು ಅದೇ ಜಾಗಕ್ಕೆ ಹೋದ. ಮತ್ತೆ ಜಡಿಮಳೆ. ಈ ಸಲ ಓಡಿಸಲಿಲ್ಲ. ಗುಂಡಿ ಒತ್ತಿ ಒಂದು ಚಿತ್ರ, ನಿಲುಗಡೆ, ಮತ್ತೊಂದು ಚಿತ್ರ. ಬೂಸಲಿನ ಚುಕ್ಕೆಗಳು ಪ್ರತಿ ಚಿತ್ರಕ್ಕೂ ಜಾಗ ಬದಲಿಸುತ್ತಿದ್ದವು. ಮೂರು ಚುಕ್ಕೆ ಮಾತ್ರ ಬದಲಿಸಲಿಲ್ಲ. ಅತ್ತೆ ಮುಖ ತಿರುಗಿಸಿದರೆ ಅವೂ ತಿರುಗಿದವು. ಇದಕ್ಕೆ ಯಾವ ವೇಗವೂ ಬೇಕಿರಲಿಲ್ಲ, ಕೂಲರೂ ಬೇಕಿರಲಿಲ್ಲ. ಒತ್ತುವುದಕ್ಕೆ ಒಂದು ಬೆರಳು ಸಾಕಿತ್ತು.

ಚುಕ್ಕೆಗಳು ಬಲಗಲ್ಲದ ಮೇಲಿದ್ದವು.

ಗೆದ್ದವನು ಶಿವು. ಮಹಾದೇವಿ ಪರದೆಯಿಂದ ಕಣ್ಣು ತೆಗೆಯದೆ, “ಹಂಗಾರ ನಾ ಇಷ್ಟ್ ವರ್ಷ ಯಾರ ಮಾರಿ ನೆನಸಲಕತ್ತಿದ್ದೆ?” ಎಂದಳು. ಮೂವತ್ತು ವರ್ಷ ಬೇರೆಯವರ ಪ್ರಶ್ನೆ ಬೇರೆಯವರ ಉತ್ತರ ಬರೆದುಕೊಂಡವನು, ಅಂದು ನಾನೇ ಪ್ರಶ್ನೆ ಕೇಳಿದೆ.

“ನಿನ್ನ ಜಡಿ ಯಾರ ಹಾಕ್ತಿದ್ರು?”

“ಅವ್ವ. ಮದುವಿ ಆಗೂ ತನಾ ಅಕಿನೇ.”

“ಎಲ್ಲಿ ಕೂಡಿಸ್ಕೊಂಡು?”

“ನಡುಮನ್ಯಾಗ. ಗ್ವಾಡಿಗಿ ಕನ್ನಡಿ ಇತ್ತಲ್ಲ, ಅದರ ಮುಂದ ನಾ, ನನ್ನ ಹಿಂದ...” ಎಂದವಳು ಅಲ್ಲಿಗೆ ನಿಲ್ಲಿಸಿದಳು.

ಕನ್ನಡಿಯಲ್ಲಿ ಬಲ ಎಡವಾಗುತ್ತದೆ. ಹೆಣ್ಣುಮಗಳು ತಾಯಿಯ ಮುಖವನ್ನು ದಿನಾ ಬೆಳಿಗ್ಗೆ ತದೇಕವಾಗಿ ನೋಡಿದ್ದು ಅಲ್ಲಿಯೇ. ಜಡೆಯಿಲ್ಲದ ಶಿವು ಎದುರಿನಿಂದ ನೋಡಿ ಬೆಳೆದ. ಅವಳು ಏನನ್ನೂ ಕಳೆದುಕೊಂಡಿರಲಿಲ್ಲ. ಕಂಡದ್ದನ್ನು ಕಂಡಹಾಗೆಯೇ ಇಟ್ಟುಕೊಂಡಿದ್ದಳು. ಈ ವಾದ ಮೇಲಿನ ಕೋರ್ಟಿನಲ್ಲಿ ನಿಲ್ಲುತ್ತದೆಯೋ ಇಲ್ಲವೋ ನಾನರಿಯೆ. ನಮ್ಮ ಮನೆಯಲ್ಲಿ ಯಾರೂ ಮೇಲ್ಮನವಿ ಸಲ್ಲಿಸಲಿಲ್ಲ. ಮಹಾದೇವಿ ಸೆರಗಿನಿಂದ ಕಣ್ಣೊರೆಸಿಕೊಂಡು, “ಇನ್ನೊಮ್ಮಿ ಹಚ್ಚೋ ಶಿವ್ಯಾ,” ಎಂದಳು. “ಹೊಲಸ ಇದ್ದದ್ದೇ ಹಚ್ಚು.”

ಮರುದಿನ ಶಿವು ಪ್ರೊಸೆಸರಿನ ವೇಗವನ್ನು ಮೊದಲಿನಷ್ಟಕ್ಕೆ ಇಳಿಸಿದ. ಸ್ವಚ್ಛ ಮಾಡಿದ ಪ್ರತಿಯನ್ನು ಅಳಿಸಿ ಹಾಕಿದೆವು.